ಇಂಜಿನಿಯರ್ ಬಾಗಿಲಿನ ದೈವವಾಣಿ

ನೀರು ಸರಬರಾಜು ಇಲಾಖೆಯಲ್ಲಿ ನೂರಾ ನಲವತ್ತು ಜನ ದುಡಿಯುತ್ತಿದ್ದರು. ಕೆಲವರು ಕೈಯಿಂದ ದುಡಿದರೆ ಕೆಲವರು ಬಾಯಿಂದ, ಇನ್ನು ಕೆಲವರು ಕುರ್ಚಿಯಿಂದ. ಕಿವಿಯಿಂದ ದುಡಿಯುತ್ತಿದ್ದವನು ಒಬ್ಬನೇ. ನೆಲದೊಳಗಿನ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಆಲಿಸಿ ಹೇಳುವುದು ಅವನ ಕೆಲಸ. ಅದಕ್ಕೆ ಎದೆಯೆತ್ತರದ ಒಂದು ಕಬ್ಬಿಣದ ಕೋಲಿತ್ತು, ಕೋಲಿನ ತುದಿಗೆ ಮರದ ಪುಟ್ಟ ಬಟ್ಟಲಿತ್ತು. ಕೋಲನ್ನು ರಸ್ತೆಗೆ ಊರಿ, ಬಟ್ಟಲನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಐದಡಿ ಆಳದಲ್ಲಿ ನೀರು ಪಿಸುಗುಟ್ಟುವುದು ಅವನಿಗೆ ಕೇಳಿಸುತ್ತಿತ್ತು. "ಇಲ್ಲಿ ಅಗೀರಿ" ಎನ್ನುತ್ತಿದ್ದ. ಅಗೆದರೆ ಅಲ್ಲೇ ಇರುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ತಪ್ಪಿದ್ದು ಎರಡೇ ಸಲ, ಅದರಲ್ಲೂ ಒಂದು ಸಲ ನೆಗಡಿಯಾಗಿತ್ತು. ಇಲಾಖೆಯವರು ಪ್ರೀತಿಯಿಂದ ಅವನನ್ನು ಕಿವಿಯಪ್ಪ ಎಂದು ಕರೆಯುತ್ತಿದ್ದರು. ಹೆಂಡತಿ ಅದೇ ಹೆಸರನ್ನು ಸಿಟ್ಟು ಬಂದಾಗ ಬಳಸುತ್ತಿದ್ದಳು.

ಇಂಥ ಕಿವಿಗೆ ದೇವರ ದನಿ ಮಾತ್ರ ಒಮ್ಮೆಯೂ ಕೇಳಿಸಿರಲಿಲ್ಲ.

ಪ್ರಯತ್ನಕ್ಕೇನೂ ಕೊರತೆಯಿರಲಿಲ್ಲ. ಬೆಳಿಗ್ಗೆ ಎದ್ದವನೇ ಮಂಡಿಯೂರುತ್ತಿದ್ದ. "ಕರ್ತನೇ, ಮಾತಾಡು" ಎನ್ನುತ್ತಿದ್ದ ಹಾಗೇ ಸೈಕಲ್ಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಪ್ರಶ್ನೆ ಏಳುತ್ತಿತ್ತು. ಅದನ್ನು ಅದುಮಿದರೆ ಮೇಲಿನ ಮನೆಯ ದರ್ಜಿಯ ಹೊಲಿಗೆ ಯಂತ್ರ ಶುರುವಾಗುತ್ತಿತ್ತು. ಅದಕ್ಕೂ ಜಗ್ಗದಿದ್ದರೆ ಪಕ್ಕದ ಕೋಣೆಯಲ್ಲಿ ಅತ್ತೆ ಶುರುವಾಗುತ್ತಿದ್ದರು. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಅಷ್ಟೂ ವರ್ಷ ಬೇರೆಯವರ ಮಾತನ್ನು ಜೋಡಿಸಿಕೊಟ್ಟು ತಾವು ಬಾಯಿ ಮುಚ್ಚಿಕೊಂಡಿದ್ದರು. ನಿವೃತ್ತಿಯಾದ ಮೇಲೆ ಈಗ ಅವರ ಸರದಿ. ಏಳುವಾಗ ಆರಂಭವಾದ ಮಾತು ಮಲಗುವಾಗ ನಿಲ್ಲುತ್ತಿತ್ತು, ನಡುವೆ ಉಸಿರಿಗೆ ಮಾತ್ರ ಬಿಡುವು. ಆ ಮಾತಿನಲ್ಲಿ ಅಳಿಯನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರುತ್ತಿದ್ದುದು ಅಪರೂಪ. ಅವನು ಇವತ್ತು ಬುಧವಾರ ಎಂದರೆ ಕ್ಯಾಲೆಂಡರಿನ ಹತ್ತಿರ ಮುಖವಿಟ್ಟು ನೋಡಿಯೇ ನಂಬುವವರು ಅವರು.

ಮುಖವಿಟ್ಟು ನೋಡಬೇಕಾಗಿದ್ದಕ್ಕೆ ಕಾರಣವಿತ್ತು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಅವರ ಬಲಗಣ್ಣು ಆಗಲೇ ಮಂಜಾಗಿಹೋಗಿತ್ತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಬರುವ ಶುಕ್ರವಾರ ಎರಡು ಗಂಟೆಗೆ ಆಪರೇಷನ್ ಎಂದು ಡಾಕ್ಟರು ಗೊತ್ತು ಮಾಡಿದ್ದರು. "ಹೋದ ದೃಷ್ಟಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ತಡ ಮಾತ್ರ ಬೇಡ" ಎಂದು ಎರಡೆರಡು ಸಲ ಹೇಳಿ ಕಳಿಸಿದ್ದರು.

ಆ ಶುಕ್ರವಾರಕ್ಕೆ ಮುಂಚಿನ ಭಾನುವಾರ ನಮ್ಮ ಕಿವಿಯಪ್ಪ ಎಡವಿದ.

ಚರ್ಚಿನ ಸಭಾಪಾಲಕರು ನಾಲ್ಕು ವಾರಗಳಿಂದ ಒಂದೇ ವಿಷಯ ಹಿಡಿದಿದ್ದರು. ದಿನದ ಗದ್ದಲದ ನಡುವೆ ಕರ್ತನ ದನಿಯನ್ನು ಕೇಳುವುದು ಹೇಗೆ ಎಂಬುದು ಆ ವಿಷಯ. ಪ್ರಸಂಗದ ಕೊನೆಗೆ ಯಾರಾದರೂ ಎದ್ದು ಸಾಕ್ಷಿ ಹೇಳಬೇಕು. ಮೊದಲ ವಾರ ಬೇಕರಿಯವನು ಎದ್ದು ಹಿಟ್ಟು ನಾದುವಾಗ ತನಗೆ ಕೇಳಿಸಿತೆಂದ. ಎರಡನೆಯ ವಾರ ಗಾನವೃಂದದ ನಾಯಕಿಗೆ ಬಸ್ಸಿನ ಕಿಟಕಿಯ ಪಕ್ಕ ಕೇಳಿಸಿತ್ತು. ಮೂರನೆಯ ವಾರ ಮೇಲಿನ ಮನೆಯ ದರ್ಜಿ ಎದ್ದ. ತನ್ನ ಯಂತ್ರದ ಸದ್ದಿನಲ್ಲೇ ಕೇಳಿಸಿತೆಂದು ಅವನು ಹೇಳಿದಾಗ ಕಿವಿಯಪ್ಪನಿಗೆ ಹೊಟ್ಟೆಕಿಚ್ಚಾಯಿತು. ಅದೇ ಯಂತ್ರದ ಕೆಳಗೆ ಆರು ವರ್ಷಗಳಿಂದ ಕೂತವನು ತಾನು! ತನಗೆ ಬರೀ ಯಂತ್ರ ಕೇಳಿಸಿ, ದೇವರು ಮೇಲಿನ ಮಹಡಿಯಲ್ಲೇ ನಿಂತುಬಿಟ್ಟನಲ್ಲ.

ನಾಲ್ಕನೆಯ ವಾರ ಯಾರೂ ಏಳಲಿಲ್ಲ. ಸಭಾಪಾಲಕರು ಸುತ್ತ ನೋಡಿ ಮುಗುಳ್ನಕ್ಕರು.

"ಕೇಳೋದೇ ಕಸುಬಾಗಿರೋ ಸಹೋದರರೊಬ್ಬರು ನಮ್ಮ ಮಧ್ಯ ಇದ್ದಾರೆ. ನೆಲದ ಕೆಳಗಿನ ನೀರೇ ಅವರಿಗೆ ಕೇಳಿಸುತ್ತೆ. ಸಹೋದರರೇ, ನಿಮಗೇನು ಕೇಳಿಸ್ತು ಹೇಳಿ."

ಎಂಬತ್ತು ತಲೆಗಳು ಒಟ್ಟಿಗೆ ತಿರುಗಿದವು. ಪಕ್ಕದಲ್ಲಿ ಕೂತಿದ್ದ ಅತ್ತೆ, ಪಿಸುಮಾತು ಎಂದು ತಾವು ಭಾವಿಸಿದ್ದ ದನಿಯಲ್ಲಿ, "ಅವನಿಗೇನ್ ಕೇಳ್ಸುತ್ತೆ, ನಲ್ಲಿ" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಿವಿಯಪ್ಪ ಎದ್ದು ನಿಂತ. ನನಗೇನೂ ಕೇಳಿಸಿಲ್ಲ ಎಂದು ಹೇಳಬೇಕೆಂದೇ ಎದ್ದಿದ್ದ. ಆದರೆ ಬಾಯಿ ತನ್ನಷ್ಟಕ್ಕೆ ತಾನೇ, "ಕೇಳಿಸ್ತು" ಎಂದಿತು.

"ಸ್ತೋತ್ರ! ಏನಂತ ಕೇಳಿಸ್ತು?"

ಈಗ ಏನಾದರೂ ಹೇಳಲೇಬೇಕು. ತಲೆಯೊಳಗೆ ಹುಡುಕಿದ. ಅಲ್ಲಿ ಅವನ ಕೈಗೆ ಸಿಕ್ಕಿದ್ದು ಒಂದೇ ಒಂದು ವಾಕ್ಯ. ಇಲಾಖೆಯ ಇಂಜಿನಿಯರ್ ಸಾಹೇಬರ ಬಾಗಿಲ ಮೇಲೆ ಒಂದು ಫಲಕವಿತ್ತು, ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ. ಇಪ್ಪತ್ತೆರಡು ವರ್ಷ ಆ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತು ಅದನ್ನೇ ಓದಿದ್ದ: 'ದಯವಿಟ್ಟು ಕಾದಿರಿ'. ದೇವರು ದಯವಿಟ್ಟು ಎನ್ನಲಾರ, ಬಹುವಚನವನ್ನೂ ಬಳಸಲಾರ ಎಂಬಷ್ಟು ವಿವೇಚನೆ ಆ ಗಳಿಗೆಯಲ್ಲೂ ಅವನಿಗೆ ಉಳಿದಿತ್ತು.

"ಕಾದಿರು ಅಂತ" ಎಂದು ಹೇಳಿ ಕೂತುಬಿಟ್ಟ.

ಬೇರೆಯವರಿಗೆಲ್ಲ ಕೇಳಿಸಿದ್ದು ಉದ್ದುದ್ದ ಸಮಾಧಾನದ ಮಾತುಗಳು. ಇದು ಒಂದೇ ಪದ. ಅದರ ಗಿಡ್ಡತನವೇ ಅದಕ್ಕೆ ತೂಕ ಕೊಟ್ಟಿತು. ಸಭಾಪಾಲಕರು ಕಣ್ಣು ಮುಚ್ಚಿದರು. ಅತ್ತೆ ತಿರುಗಿ ಅಳಿಯನ ಮುಖವನ್ನು, ಕ್ಯಾಲೆಂಡರನ್ನು ನೋಡುವಂತೆ ಹತ್ತಿರದಿಂದ ನೋಡಿದರು. ಅಂದಿನಿಂದ ಮನೆಯಲ್ಲಿ ಅವರ ಮಾತು ಅಗತ್ಯಕ್ಕಷ್ಟೇ ಉಳಿಯಿತು.

ಆರಾಧನೆ ಮುಗಿದು ಹೊರಗೆ ಬರುವಷ್ಟರಲ್ಲಿ ಮೊದಲು ತೋಳು ಹಿಡಿದವನು ಬೇಕರಿಯವನು. ಅವನ ದವಡೆ ಒಂದು ಕಡೆ ಊದಿತ್ತು. "ನಾಳೆ ಈ ಹಲ್ಲು ಕೀಳಿಸ್ಬೇಕು ಅಂತಿದ್ದೆ. ಈಗ ಗೊತ್ತಾಯ್ತು. ಕಾಯ್ತೀನಿ" ಎಂದ. ಕಿವಿಯಪ್ಪ ಬಾಯಿ ತೆರೆಯುವಷ್ಟರಲ್ಲಿ ಗಾನವೃಂದದ ನಾಯಕಿ ಅಡ್ಡ ಬಂದಳು. "ನನ್ನ ತಂಗಿ ಹತ್ರ ಹೋಗಿ ಕ್ಷಮೆ ಕೇಳ್ಬೇಕೋ ಬೇಡ್ವೋ ಅಂತ ಒದ್ದಾಡ್ತಿದ್ದೆ. ಎಂಥ ಸಮಯಕ್ಕೆ ಹೇಳಿದ್ರಿ!" ಎಂದು ಕಣ್ಣೊರೆಸಿಕೊಂಡಳು. ದರ್ಜಿಯ ಮಗಳು ಒಬ್ಬನನ್ನು ಮೆಚ್ಚಿದ್ದಳು, ಅಪ್ಪ ಹ್ಞೂಂ ಎನ್ನಲಿ ಎಂದು ಮೂರು ತಿಂಗಳಿಂದ ಬಾಗಿಲಲ್ಲಿ ನಿಂತಿದ್ದಳು. ದರ್ಜಿ ಗಂಭೀರವಾಗಿ ತಲೆಯಾಡಿಸಿ, "ಅವಳಿಗೂ ಇದನ್ನೇ ಹೇಳ್ತೀನಿ" ಎಂದ.

ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಆ ಮಾತನ್ನು ತನ್ನದೆಂದು ಎತ್ತಿಕೊಂಡವರಲ್ಲಿ, ಮಾಡಬೇಕಾದ್ದನ್ನು ಮಾಡಲು ಮೊದಲೇ ಮನಸ್ಸಿದ್ದವನು ಒಬ್ಬನೂ ಇರಲಿಲ್ಲ. ಯಾರಿಗೆ ಯಾವ ಕೆಲಸದ ಭಯವಿತ್ತೋ ಅವರಿಗೆ ಅದರ ಮೇಲೆಯೇ ದೇವರ ಅಪ್ಪಣೆ ಸಿಕ್ಕಿತು. ಕಿವಿಯಪ್ಪ ಪಾಪ ಇದನ್ನು ಗಮನಿಸಲಿಲ್ಲ. ಅವನಿಗೆ ಎಂಬತ್ತು ಜನರ ನಮಸ್ಕಾರಕ್ಕೆ ಉತ್ತರ ಕೊಡುವುದೇ ಸಾಕಾಗಿತ್ತು, ಮತ್ತು ನಿಜ ಹೇಳಬೇಕೆಂದರೆ, ಅದು ಹಿತವಾಗಿಯೂ ಇತ್ತು.

ಮನೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿ ಅತ್ತೆಯದು. ಹನ್ನೊಂದು ವರ್ಷಗಳಿಂದ ಅದರಲ್ಲಿ ಬೇರೆಯವರು ಕೂತಿದ್ದಿಲ್ಲ. ಸೋಮವಾರ ಅವನು ಕೆಲಸದಿಂದ ಬಂದಾಗ ಅತ್ತೆ ಅದರಿಂದೆದ್ದು, "ಕೂತ್ಕೊಪ್ಪಾ" ಎಂದರು. ಹೆಂಡತಿಯ ಕೈಯಿಂದ ಸೌಟು ಜಾರಿತು.

ಮಂಗಳವಾರ ಇಂಜಿನಿಯರ್ ಸಾಹೇಬರಿಂದ ಕರೆ ಬಂತು. ಕಿವಿಯಪ್ಪ ಎಂದಿನಂತೆ ನೀಲಿ ಫಲಕದ ಎದುರು ಮುಕ್ಕಾಲು ಗಂಟೆ ಕೂತು ಒಳಗೆ ಹೋದ. ಅಗೆಯುವ ತಂಡದ ಮೇಸ್ತ್ರಿ ಅದೇ ಸಭೆಯವನು. ಸೋಮವಾರ ಬೆಳಿಗ್ಗೆಯಿಂದ ಅವನು ಮೂರು ರಸ್ತೆಗಳಲ್ಲಿ ಗುದ್ದಲಿ ಇಳಿಸಿ ಕೂತಿದ್ದ.

"ಮೇಲಿನಿಂದ ಆದೇಶ ಬಂದಿದೆ, ಕಾಯ್ಬೇಕು ಅಂತಾನಲ್ಲ ಮೇಸ್ತ್ರಿ? ನಿನ್ ಹತ್ರ ಬಂತಂತೆ?"

"ಅದು ಇಲಾಖೆಗಲ್ಲ ಸಾರ್."

"ಎಷ್ಟು ಮೇಲಿನಿಂದ? ಮುಖ್ಯ ಇಂಜಿನಿಯರಾ?"

"ಅವರಿಗಿಂತ ಮೇಲೆ ಸಾರ್."

ಸಾಹೇಬರು ಅರ್ಧ ಎದ್ದು ನಿಂತರು. "ಕಾರ್ಯದರ್ಶಿಗಳಾ?"

"ಅವರಿಗಿಂತಾನೂ."

ಸಾಹೇಬರು ಪೂರ್ತಿ ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. "ಲಿಖಿತದಲ್ಲಿ ಏನಾದ್ರೂ ಇದೆಯಾ?"

"ಇಲ್ಲ ಸಾರ್. ಬಾಯಿಮಾತು."

ಸಾಹೇಬರು ಕಡತ ತರಿಸಿ, ಮೇಲಿನವರ ಮೌಖಿಕ ಆದೇಶದ ಮೇರೆಗೆ ಕಾಯಲಾಗುತ್ತಿದೆ ಎಂದು ಬರೆದು ಸಹಿ ಹಾಕಿದರು. ಮೂರು ರಸ್ತೆಗಳಲ್ಲಿ ನೀರು ನೆಲದಡಿ ನೆಮ್ಮದಿಯಾಗಿ ಸೋರುತ್ತಲೇ ಹೋಯಿತು.

ಇಲ್ಲಿಯವರೆಗೆ ನಡೆದದ್ದನ್ನು ನಗುತ್ತ ಹೇಳಬಹುದು. ಬುಧವಾರ ಸಂಜೆ ನಡೆದದ್ದು ಹಾಗಲ್ಲ. ಅವನು ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಿದ್ದಳು.

"ಅಮ್ಮ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಬೇಡ ಅಂದುಬಿಟ್ರು. ದೇವರು ಕಾದಿರು ಅಂದಿದ್ದಾನೆ, ನಮ್ಮಳಿಯನ ಬಾಯಿಂದಲೇ ಅನ್ನಿಸಿದ್ದಾನೆ ಅಂದ್ರಂತೆ. ನಾನು ಮತ್ತೆ ಫೋನ್ ಮಾಡಿ ಕಾಲು ಹಿಡ್ಕೊಂಡೆ. ಶುಕ್ರವಾರ ಎರಡು ಗಂಟೆವರೆಗೆ ಜಾಗ ಇಟ್ಟಿರ್ತಾರಂತೆ. ತಪ್ಪಿದ್ರೆ ಇನ್ನು ಆರು ವಾರ. ಆರು ವಾರ ಆ ಕಣ್ಣು ತಡೆಯಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

"ನಾನು ಹೇಳಿದ್ರೆ ಕೇಳಲ್ಲ, ಡಾಕ್ಟರ್ ಹೇಳಿದ್ರೂ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ನಿಮ್ಮ ಮಾತು ನಂಬಿದ್ದಾರೆ." ಹೆಂಡತಿ ಅವನ ಮುಖ ನೋಡಿದಳು. "ನಿಜವಾಗ್ಲೂ ಕೇಳಿಸ್ತಾ ನಿಮಗೆ?"

ನಿಜ ಹೇಳಲು ಇಷ್ಟು ಸೊಗಸಾದ ಅವಕಾಶ ಮನುಷ್ಯನಿಗೆ ಪದೇ ಪದೇ ಸಿಗುವುದಿಲ್ಲ. ಕಿವಿಯಪ್ಪ ಅದನ್ನು ಕೈಬಿಟ್ಟ. "ಕೇಳಿಸ್ತು ಅಂದ್ನಲ್ಲ" ಎಂದ.

"ಹಾಗಾದ್ರೆ ಇನ್ನೊಂದ್ಸಲ ಕೇಳಿ. ಅಮ್ಮನ ಕಣ್ಣಿನ ವಿಷಯ ಅಂತಲೇ ಕೇಳಿ."

ಅವನಿಗೆ ಇದು ಒಳ್ಳೆಯ ದಾರಿಯಾಗಿ ಕಂಡಿತು. ದೇವರು ನಿಜವಾಗಿಯೇ ಬಾಯಿ ಬಿಟ್ಟು, ಆಯಿತು, ಕಾದದ್ದು ಸಾಕು, ಹೋಗಿ ಆಪರೇಷನ್ ಮಾಡಿಸಿ ಎಂದುಬಿಟ್ಟರೆ? ಅತ್ತೆಯ ಕಣ್ಣೂ ಉಳಿಯಿತು, ಅಳಿಯನ ಮಾನವೂ ಉಳಿಯಿತು. ದೇವರಿಗೆ ಅದರಲ್ಲಿ ಕಷ್ಟವೇನು? ತನಗೆ ಬೇಕಾದದ್ದು ಸ್ವಲ್ಪ ನಿಶ್ಶಬ್ದ, ಅಷ್ಟೇ.

ಗುರುವಾರ ರಜೆ ಹಾಕಿ ನಿಶ್ಶಬ್ದ ಮಾಡಲು ಕೂತ. ಗೋಡೆ ಗಡಿಯಾರದ ಸೆಲ್ ಕಿತ್ತ. ಫ್ರಿಜ್ಜಿನ ಪ್ಲಗ್ ತೆಗೆದ. ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟ, ಕರೆಗಂಟೆಯ ತಂತಿ ಕತ್ತರಿಸಿದ. ತೊಟ್ಟಿಕ್ಕುತ್ತಿದ್ದ ಬಚ್ಚಲ ನಲ್ಲಿಯನ್ನು, ಹೆಂಡತಿ ಎಂಟು ತಿಂಗಳಿಂದ ಹೇಳಿಹೇಳಿ ಬೇಸತ್ತ ನಲ್ಲಿಯನ್ನು, ಹತ್ತು ನಿಮಿಷದಲ್ಲಿ ರಿಪೇರಿ ಮಾಡಿದ. ಆಮೇಲೆ ಮೇಲೆ ಹೋಗಿ ದರ್ಜಿಯ ಮುಂದೆ ಕೈ ಕಟ್ಟಿ ನಿಂತು, ನಾಳೆ ಬೆಳಿಗ್ಗೆ ಒಂದಿಷ್ಟು ಹೊತ್ತು ಯಂತ್ರ ನಿಲ್ಲಿಸಲು ಕೇಳಿದ.

ದರ್ಜಿಯ ಕಣ್ಣು ಅರಳಿತು. "ಇನ್ನೊಂದು ಮಾತು ಬರುತ್ತಾ?"

"ಬರಬಹುದು" ಎಂದ ಕಿವಿಯಪ್ಪ. ಹೇಳಬಾರದಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಸಾಮಾನು ಕೋಣೆಯಲ್ಲಿ ಹಳೆಯ ಸೂಟ್‌ಕೇಸಿಗೂ ಇಸ್ತ್ರಿ ಮೇಜಿಗೂ ನಡುವೆ ಮಂಡಿಯೂರಿದ. ಮೊದಲ ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಹೊರಗೆ ಯಾರೋ ಕೆಮ್ಮಿದರು. ಕಿಟಕಿಯ ಸಂದಿಯಿಂದ ನೋಡಿದರೆ, ಬೀದಿಯಲ್ಲಿ ಹದಿನೈದು ಇಪ್ಪತ್ತು ಜನ ನಿಂತಿದ್ದರು. ಬೇಕರಿಯವನು ದವಡೆಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಗಾನವೃಂದದ ನಾಯಕಿ ತುಟಿಯ ಮೇಲೆ ಬೆರಳಿಟ್ಟು, ಹೋಗಿ ಬರುವವರಿಗೆಲ್ಲ "ಶ್" ಎನ್ನುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಶ್. ಮೇಸ್ತ್ರಿ ಬೀದಿಯ ತುದಿಯಲ್ಲಿ 'ಕಾಮಗಾರಿ ನಡೆಯುತ್ತಿದೆ' ಎಂಬ ಇಲಾಖೆಯ ಹಲಗೆಯನ್ನು ಅಡ್ಡ ನಿಲ್ಲಿಸಿ ವಾಹನಗಳನ್ನು ತಡೆದಿದ್ದ. ತಡೆಯಲ್ಪಟ್ಟ ವಾಹನಗಳು ಹಾರ್ನ್ ಹೊಡೆಯುತ್ತಿದ್ದವು. ಸಭಾಪಾಲಕರು ಸೈಕಲ್ಲಿನ ಮೇಲೆ ಬಂದು, ಕಿರ್ರ್ ಎಂದು ಬ್ರೇಕ್ ಹಾಕಿ, ಎಲ್ಲರ ಕ್ಷಮೆ ಕೇಳಿದರು. ಆ ಬೀದಿ ಹುಟ್ಟಿದಾಗಿನಿಂದ ಅಷ್ಟು ಸದ್ದು ಎಂದೂ ಕೇಳಿರಲಿಲ್ಲ.

ಕಿವಿಯಪ್ಪ ಕಿವಿಗೆ ಹತ್ತಿ ತುರುಕಿದ. ತನ್ನದೇ ಉಸಿರು ಕೇಳಿಸಿತು. ಹತ್ತಿ ತೆಗೆದ. "ಕರ್ತನೇ, ಬೇಗ ಮಾತಾಡು, ಹನ್ನೊಂದೂವರೆ ಆಯ್ತು" ಎಂದ. ಕರ್ತನು ಮಾತಾಡಲಿಲ್ಲ. ಏನೂ ತೋಚದೆ ಕೆಲಸದ ಕೋಲನ್ನು ತಂದು, ನೆಲಕ್ಕೆ ಊರಿ, ಬಟ್ಟಲಿಗೆ ಕಿವಿಯೊಡ್ಡಿದ.

ಬಟ್ಟಲಿನ ತಣ್ಣನೆ ಅಂಚು ಕಿವಿಗೆ ತಾಗಿದ್ದೇ ತಡ, ಆ ಕೋಲನ್ನು ತನಗಿಂತ ಮೊದಲು ಹಿಡಿದಿದ್ದ ಮುದುಕ ನೆನಪಾದ. ಮೊದಲ ದಿನ, ಗಿಜಿಗುಡುವ ರಸ್ತೆಯ ನಡುವೆ, ಇಷ್ಟು ಗಲಾಟೆಯಲ್ಲಿ ಏನು ಕೇಳಿಸುತ್ತದೆ ಎಂದು ಇವನು ಕೇಳಿದಾಗ ಮುದುಕ ಹೇಳಿದ್ದ. "ಬೀದಿ ಸುಮ್ಮನಾಗ್ಲಿ ಅಂತ ಕೂತ್ರೆ ಸಾಯೋವರೆಗೂ ಕೂತಿರ್ತೀಯ. ಒಂದೊಂದೇ ಸದ್ದಿನ ಹೆಸರು ಹೇಳು, ಹೋಗೋಕೆ ಬಿಡು. ಬಸ್ಸು, ಹೋಯ್ತು. ಚಪ್ಪಲಿ, ಹೋಯ್ತು. ಎಲ್ಲಾ ಬರುತ್ವೆ, ಎಲ್ಲಾ ಹೋಗುತ್ವೆ. ಹೋಗದೇ ಒಂದೇ ಸಮ ಉಳ್ಕೊಳ್ಳುತ್ತಲ್ಲ, ಅದು ನೀರು."

ಇಪ್ಪತ್ತೆರಡು ವರ್ಷ ಅವನು ದಿನಾ ಮಾಡಿದ್ದು ಇದನ್ನೇ. ಗಡಿಯಾರದ ಸೆಲ್ ಕೀಳುವಾಗ ಇದು ಹೊಳೆದಿರಲಿಲ್ಲ.

ಈಗ ಮಾಡಿದ. ಬೇಕರಿಯವನ ಕೆಮ್ಮು, ಹೋಯಿತು. ಹಾರ್ನ್, ಹೋಯಿತು. ಶ್, ಹೋಯಿತು. ತನ್ನ ಎದೆಬಡಿತ, ಅದು ಇರಲಿ. ಅತ್ತೆಯೆದುರು ಮಾನ ಹೋದರೆ ಎಂಬ ಚಿಂತೆ ಬಂತು, ಗುಂಯ್‌ಗುಟ್ಟಿತು, ಹೆಸರು ಹೇಳಿದ ಮೇಲೆ ಅದೂ ಹೋಯಿತು. ಕಿಟಕಿ ಪಕ್ಕದ ಕುರ್ಚಿಯ ಆಸೆಯೂ ಹೋಯಿತು. ಹೋಗದೆ ಒಂದು ಉಳಿಯಿತು.

ನಿನಗೆ ಏನೂ ಕೇಳಿಸಿರಲಿಲ್ಲ. ಹೋಗಿ ಹೇಳು.

ಗುಡುಗಿರಲಿಲ್ಲ, ಬೆಳಕಿರಲಿಲ್ಲ. ಅದು ಹೊಸದೂ ಆಗಿರಲಿಲ್ಲ. ಭಾನುವಾರ ಅವನು ಕೂತುಬಿಟ್ಟ ಕ್ಷಣದಿಂದ, ನಮಸ್ಕಾರಗಳ ಕೆಳಗೆ, ಕಡತದ ಕೆಳಗೆ, ಹೆಂಡತಿಯ ಅಳುವಿನ ಕೆಳಗೆ, ಒಂದೇ ಸಮನೆ ಹರಿಯುತ್ತಲೇ ಇತ್ತು. ಅವನಿಗೆ ತುಂಬ ನಾಚಿಕೆಯಾಯಿತು. ಭಯವಾಯಿತು. ಅಷ್ಟೆಲ್ಲ ಆಗಿಯೂ ಯಾರೋ ಐದು ದಿನ ತನ್ನನ್ನು ಬಿಟ್ಟುಹೋಗದೆ ಕೂತಿದ್ದರಲ್ಲ ಎಂದು ಅಳುವೂ ಬಂತು.

ಕೋಲನ್ನು ಹಿಡಿದುಕೊಂಡೇ ಹೊರಗೆ ಬಂದ. ಬಾಗಿಲಲ್ಲಿ ಅತ್ತೆ, ಹೆಂಡತಿ ನಿಂತಿದ್ದರು. ಬೀದಿಯಲ್ಲಿ ಜನರೆಲ್ಲ ಒಂದು ಹೆಜ್ಜೆ ಮುಂದೆ ಬಂದರು.

"ನಾನು ಹೇಳಿದ್ದು ಸುಳ್ಳು" ಎಂದ. "ಭಾನುವಾರ ನನಗೇನೂ ಕೇಳಿಸಿರಲಿಲ್ಲ. ಕಾದಿರು ಅಂತ ಯಾರೂ ಹೇಳ್ಲಿಲ್ಲ."

ಬೇಕರಿಯವನು ಕೈ ಮುಗಿದು, "ಎಷ್ಟು ವಿನಯ ನೋಡಿ!" ಎಂದ.

"ವಿನಯ ಅಲ್ಲಪ್ಪಾ, ಸುಳ್ಳು!"

"ದೊಡ್ಡವರೆಲ್ಲ ಹೀಗೇ ಹೇಳೋದು" ಎಂದಳು ಗಾನವೃಂದದ ನಾಯಕಿ.

"ನನ್ನಾಣೆಗೂ ಸುಳ್ಳು!"

"ಆಣೆ ಬೇಡ ಸಹೋದರರೇ" ಎಂದರು ಸಭಾಪಾಲಕರು ಮೃದುವಾಗಿ. "ಕರ್ತನು ನಿಮ್ಮನ್ನ ಪರೀಕ್ಷೆ ಮಾಡ್ತಿದ್ದಾನೆ."

ಸುಳ್ಳನ್ನು ಒಂದೇ ಪದದಲ್ಲಿ ನಂಬಿದ ಜನ ನಿಜವನ್ನು ನಂಬಲು ತಯಾರಿರಲಿಲ್ಲ. ಅವನು ಅತ್ತೆಯ ಕಡೆ ತಿರುಗಿದ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. "ನನ್ನ ಆಪರೇಷನ್ ಆಗ್ಲಿ ಅಂತ ದೇವರ ಮಾತನ್ನೇ ಮುಚ್ಚಿಡ್ತಿದ್ದೀಯ. ಅವಳು ಹೇಳಿಕೊಟ್ಟಿದ್ದಾಳೆ" ಎಂದು ಮಗಳನ್ನು ತೋರಿಸಿದರು.

ಆಗ ಹನ್ನೆರಡೂ ಮುಕ್ಕಾಲು.

"ಅತ್ತೆ, ನನ್ಜೊತೆ ಬನ್ನಿ. ಆಸ್ಪತ್ರೆಗೆ ಅಂತ ಅಲ್ಲ. ಆ ಮಾತು ನನಗೆ ಎಲ್ಲಿಂದ ಸಿಕ್ತು, ಆ ಜಾಗ ತೋರಿಸ್ತೀನಿ. ನೋಡಿದ ಮೇಲೆ ನಿಮ್ಮಿಷ್ಟ."

ಆ ಜಾಗ! ಬೀದಿಯಲ್ಲಿ ಸಂಚಲನವಾಯಿತು. ಮುಂದೆ ಕೋಲು ಹಿಡಿದ ಕಿವಿಯಪ್ಪ, ಅವನ ತೋಳು ಹಿಡಿದು ಅತ್ತೆ, ಆಸ್ಪತ್ರೆಯ ಚೀಟಿಗಳ ಚೀಲ ಎತ್ತಿಕೊಂಡು ಹೆಂಡತಿ, ಅವರ ಹಿಂದೆ ಸೈಕಲ್ ತಳ್ಳುತ್ತ ಸಭಾಪಾಲಕರು, ಮಿಕ್ಕವರೆಲ್ಲ ಅವರ ಹಿಂದೆ. ಗಾನವೃಂದದ ನಾಯಕಿ ಮೆಲ್ಲಗೆ ಕೀರ್ತನೆಯೊಂದನ್ನು ಎತ್ತಿಕೊಂಡಳು. ಗುಡ್ಡ ಹತ್ತಬೇಕಾಗುತ್ತದೇನೋ ಎಂದು ದರ್ಜಿ ಮೇಸ್ತ್ರಿಯನ್ನು ವಿಚಾರಿಸಿದ. ಮೆರವಣಿಗೆ ಎರಡು ರಸ್ತೆ ದಾಟಿ, ಔಷಧಿ ಅಂಗಡಿಯ ಹತ್ತಿರ ಎಡಕ್ಕೆ ತಿರುಗಿ, ನೀರು ಸರಬರಾಜು ಇಲಾಖೆಯ ಗೇಟಿನೊಳಗೆ ಹೋಯಿತು. ಕೀರ್ತನೆಯ ಶ್ರುತಿ ಸ್ವಲ್ಪ ತಗ್ಗಿತು. ಮೆಟ್ಟಿಲು ಹತ್ತಿ, ಕಡತಗಳ ಕಪಾಟುಗಳ ನಡುವೆ ಸಾಗಿ, ಕಾರಿಡಾರಿನ ಕೊನೆಯ ಬಾಗಿಲ ಮುಂದೆ ನಿಂತಿತು. ಕೀರ್ತನೆ ನಿಂತೇಹೋಯಿತು.

"ಇದೇ" ಎಂದ ಕಿವಿಯಪ್ಪ. "ಓದಿ ಅತ್ತೆ."

ಅತ್ತೆ ಬಾಗಿಲ ಹತ್ತಿರ ಹೋದರು. ನೀಲಿ ಹಲಗೆಯ ಮುಂದೆ, ಗೇಣು ದೂರದಲ್ಲಿ ಮುಖವಿಟ್ಟರು. ಕಾಣದಾದ ಬಲಗಣ್ಣನ್ನು ಮುಚ್ಚಿ, ಉಳಿದಿದ್ದ ಎಡಗಣ್ಣನ್ನು ಒಂದೊಂದೇ ಅಕ್ಷರದ ಮೇಲೆ ನಡೆಸಿದರು. ಕಾಣದಿದ್ದಲ್ಲಿ ಬೆರಳಿನಿಂದ ಸವರಿದರು. "ದ... ಯ... ವಿಟ್ಟು..." ಇಷ್ಟು ದೊಡ್ಡ ಅಕ್ಷರಗಳನ್ನು ಅವರು ಹೀಗೆ ಓದಬೇಕಾಗಿರುವುದನ್ನು ಕಂಡು ಹೆಂಡತಿ ಮುಖ ತಿರುಗಿಸಿಕೊಂಡಳು. "ಕಾ... ದಿ... ರಿ."

ಬೇಕರಿಯವನು ದವಡೆ ಹಿಡಿದುಕೊಂಡು ಗೋಡೆಗೆ ಒರಗಿದ.

"ದಯವಿಟ್ಟು ಅನ್ನೋದನ್ನ ನಾನು ಬಿಟ್ಟೆ" ಎಂದ ಕಿವಿಯಪ್ಪ. "ರಿ ಇದ್ದದ್ದನ್ನ ರು ಮಾಡಿದೆ. ನಾನು ಮಾಡಿದ್ದು ಅಷ್ಟೇ ಅತ್ತೆ. ಎಲ್ಲರೂ ನೋಡ್ತಿದ್ರು, ನಾಚಿಕೆ ಆಯ್ತು, ಬಾಯಿಗೆ ಬಂದದ್ದು ಹೇಳಿದೆ. ನಿಮ್ಮ ಕಣ್ಣು ಹೋಗುತ್ತೆ ಅಂತ ಗೊತ್ತಾದ ಮೇಲೂ ಎರಡು ದಿನ ಸುಮ್ಮನಿದ್ದೆ. ನನ್ನನ್ನ ಏನ್ ಬೇಕಾದ್ರೂ ಅನ್ನಿ."

ಅತ್ತೆ ಫಲಕದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಕೊನೆಗೆ, ಅವರ ಮಾಮೂಲು ದನಿಯ ಕಾಲುಭಾಗದಷ್ಟೇ ದನಿಯಲ್ಲಿ, "ನನಗೆ ಹೆದರಿಕೆ ಆಗಿತ್ತು ಕಣೋ" ಎಂದರು. "ಇರೋದು ಇದೊಂದು ಕಣ್ಣು. ಅದಕ್ಕೆ ಚಾಕು ಹಾಕ್ತಾರೆ ಅಂದ್ರೆ... ನೀನು ಕಾದಿರು ಅಂದೆ. ಎಷ್ಟು ಸಮಾಧಾನ ಆಯ್ತು ಗೊತ್ತಾ. ನೀನು ಸುಳ್ಳು ಹೇಳ್ತಿದ್ದೀಯ ಅಂತ ಅನ್ನಿಸಿದ್ರೂ ನಂಬಿದೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಇಂಜಿನಿಯರ್ ಸಾಹೇಬರು ಹೊರಗೆ ತಲೆ ಹಾಕಿ, ಕಾರಿಡಾರಿನ ತುಂಬ ನೆರೆದಿದ್ದ ಜನರನ್ನೂ ತಮ್ಮ ಬಾಗಿಲನ್ನು ಹಿಡಿದು ನಿಂತಿದ್ದ ಮುದುಕಿಯನ್ನೂ ನೋಡಿ ದಂಗಾದರು.

"ಏನಮ್ಮಾ ಇದು? ಬೋರ್ಡ್ ಹಾಕಿರೋದು ಕಾಣ್ಸಲ್ವಾ?"

"ಕಾಣ್ಸುತ್ತಪ್ಪಾ, ಇನ್ನೂ ಕಾಣ್ಸುತ್ತೆ" ಎಂದರು ಅತ್ತೆ. "ಓದಿದೆ. ಇನ್ನು ಕಾಯಲ್ಲ."

ಅಳಿಯನ ತೋಳು ಹಿಡಿದು ತಿರುಗಿದರು. ಆಸ್ಪತ್ರೆ ಅದೇ ರಸ್ತೆಯ ಕೊನೆಗಿತ್ತು. ಇನ್ನೂ ಮೂವತ್ತೈದು ನಿಮಿಷವಿತ್ತು. ಕಾರಿಡಾರಿನಲ್ಲಿ ಜನ ಗೋಡೆಗಂಟಿ ದಾರಿ ಬಿಟ್ಟರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಾನವೃಂದದ ನಾಯಕಿ, ತನ್ನ ತಂಗಿಯ ಮನೆಯ ಕಡೆ ಹೋಗುವ ಬಸ್ಸು ಎಷ್ಟು ಗಂಟೆಗಿದೆ ಎಂದು ಸಭಾಪಾಲಕರನ್ನು ಕೇಳಿದಳು. ದರ್ಜಿ ಯಾರಿಗೂ ಹೇಳದೆ ಮನೆಯ ಕಡೆ ಹೊರಟ. ಬೇಕರಿಯವನು ಮಾತ್ರ ಸಾಹೇಬರ ಬೆಂಚಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದ. ಅವನ ಹಲ್ಲು ಮರುದಿನ ಕೀಳಲ್ಪಟ್ಟಿತು.

ಮೇಸ್ತ್ರಿ ಸಾಹೇಬರ ಮುಂದೆ ನಿಂತು, "ಅಗೆಯೋಣ್ವಾ ಸಾರ್?" ಎಂದ.

"ಮೇಲಿನ ಆದೇಶ?"

"ಅದು ನಿಮ್ಮದೇ ಅಂತೆ ಸಾರ್."

ಸಾಹೇಬರು ಫಲಕವನ್ನು ನೋಡಿದರು, ಬಹಳ ಹೊತ್ತು ನೋಡಿದರು, ಕಡತ ತರಿಸಿದರು.

ಆಪರೇಷನ್ ಒಂದೂಕಾಲು ಗಂಟೆ ನಡೆಯಿತು. ಕಿವಿಯಪ್ಪ, ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಟ್ರಾಲಿಗಳು ಉರುಳಿದವು, ಮಗುವೊಂದು ಅತ್ತಿತು, ಯಾರೋ ಯಾರನ್ನೋ ಕೂಗಿದರು. ಅವನು ಯಾವುದನ್ನೂ ಸುಮ್ಮನಿರಿಸಲು ಹೋಗಲಿಲ್ಲ. ಬರುವುದನ್ನು ಬರಲು ಬಿಟ್ಟ, ಹೋಗುವುದನ್ನು ಹೋಗಲು ಬಿಟ್ಟ. ಡಾಕ್ಟರು ಹೊರಗೆ ಬಂದು, "ಸರಿಯಾದ ಸಮಯಕ್ಕೆ ಕರ್ಕೊಂಡ್ ಬಂದ್ರಿ, ಇರೋ ದೃಷ್ಟಿ ಉಳೀತು" ಎಂದಾಗ ಹೆಂಡತಿ ಅವನ ಭುಜದ ಮೇಲೆ ತಲೆಯಿಟ್ಟಳು. ಆಮೇಲೆ ತಲೆಯೆತ್ತಿ, "ಕಿವಿಯಪ್ಪಾ" ಎಂದಳು. ಅದು ಸಿಟ್ಟೋ ಪ್ರೀತಿಯೋ ಅವನಿಗೆ ತಿಳಿಯಲಿಲ್ಲ.

ಸಂಜೆ ಮನೆಗೆ ಹೊರಟರು. ಅತ್ತೆಯ ಎಡಗಣ್ಣಿಗೆ ಬಿಳಿ ಪಟ್ಟಿ ಕಟ್ಟಿತ್ತು. ಆ ಒಂದು ದಿನದ ಮಟ್ಟಿಗೆ ಅವರಿಗೆ ಏನೂ ಕಾಣುವಂತಿರಲಿಲ್ಲ. ಅಳಿಯನ ತೋಳನ್ನು ಎರಡೂ ಕೈಯಿಂದ ಹಿಡಿದು, ಅವನ ಹೆಜ್ಜೆಯ ಸದ್ದಿಗೆ ತಮ್ಮ ಹೆಜ್ಜೆ ಇಡುತ್ತಿದ್ದರು. ಔಷಧಿ ಅಂಗಡಿಯ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ನಿಂತರು.

"ಅಲ್ಲಯ್ಯಾ, ಒಂದು ಕೇಳ್ತೀನಿ. ಸುಳ್ಳು ಹೇಳಿದ್ದೆ, ಎಲ್ಲರೂ ನಂಬಿದ್ರು. ಕುರ್ಚಿ ಬೇರೆ ಸಿಕ್ಕಿತ್ತು. ಹೋಗಿ ನಿಜ ಹೇಳಿಬಿಡು ಅಂತ ನಿನಗೆ ಹೇಳಿದ್ದು ಯಾರು?"

ಕಿವಿಯಪ್ಪ ಬಾಯಿ ತೆರೆದ. ಸಾಮಾನು ಕೋಣೆ, ಸೂಟ್‌ಕೇಸು, ಕೋಲಿನ ತಣ್ಣನೆ ಬಟ್ಟಲು ಎಲ್ಲ ನೆನಪಾಯಿತು. ಹೇಳಲು ಒಂದು ಪದವೂ ಸಿಗಲಿಲ್ಲ.

ಅತ್ತೆ ತಲೆ ವಾಲಿಸಿ, ಮೂವತ್ತು ವರ್ಷ ತಂತಿಗಳ ಆಚೆಯ ದನಿಗೆ ಕಿವಿಗೊಟ್ಟಿದ್ದ ಹಾಗೆಯೇ, ಅವನ ಮೌನವನ್ನು ಸ್ವಲ್ಪ ಹೊತ್ತು ಕೇಳಿದರು.

"ಹ್ಞಾಂ" ಎಂದರು ಕೊನೆಗೆ. "ಭಾನುವಾರ ಎದ್ದು ನಿಂತು, ಹೇಳಿದ್ದು ಸುಳ್ಳು ಅಂತ ಇನ್ನೊಂದ್ಸಲ ಎಲ್ಲರ ಮುಂದೆ ಹೇಳು. ಈ ಸಲ ಕೇಳಿಸಿದ್ದನ್ನ ಮಾತ್ರ ಯಾರಿಗೂ ಹೇಳ್ಬೇಡ. ನಿನ್ನಂಥೋನಿಗೆ ಆ ದನಿ ಮತ್ತೆ ಬೇಕಾಗುತ್ತೆ."

ಆಮೇಲೆ ಮುಂದಕ್ಕೆ ಹೆಜ್ಜೆ ಹಾಕುತ್ತ, ಐದು ದಿನ ಕಟ್ಟಿಟ್ಟಿದ್ದ ಮಾತನ್ನೆಲ್ಲ ಶುರು ಮಾಡಿದರು. ಡಾಕ್ಟರರ ಕೈ ತಣ್ಣಗಿತ್ತು ಎಂಬಲ್ಲಿಂದ ಹಿಡಿದು, ಕರೆಗಂಟೆಯ ತಂತಿ ಕತ್ತರಿಸಿದ ಮೂರ್ಖ ಯಾರು ಎಂಬಲ್ಲಿಯವರೆಗೆ, ಮನೆಯ ಮೆಟ್ಟಿಲು ಬಂದರೂ ನಿಲ್ಲಲಿಲ್ಲ. ಕಿವಿಯಪ್ಪ ದಾರಿಯುದ್ದಕ್ಕೂ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ.